ಟವರಿನ ಮೇಲೆ ಮುಚ್ಚಳ, ತಾರಸಿಯ ಮೇಲೆ ಹೋಮ

ನಮ್ಮ ಮನೆ ಹಿಂದೆ ಟವರ್ ಎದ್ದು ನಿಂತಾಗಿನಿಂದ ನಗುವುದಕ್ಕೆ ಅಂತ ನಾನು ಬೇರೆಲ್ಲೂ ಹೋಗಿಲ್ಲ. ಎಲ್ಲ ಇದ್ದಲ್ಲಿಗೇ ಬರುತ್ತದೆ. ಮರ್ಫಿ ಟೌನಿನ ನಮ್ಮ ಬೀದಿ ಎಂಥ ಇಕ್ಕಟ್ಟು ಅಂದರೆ, ನಾನು ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಎದುರು ಮನೆಯವರು ಸೀನುತ್ತಾರೆ. ಅಂಥ ಕಡೆ ನೆಲದ ಮೇಲೆ ಜಾಗ ಸಾಲದೆ ಆ ಕಬ್ಬಿಣದ ಮಹಾರಾಯ ಆಕಾಶದ ಕಡೆ ಹೊರಟುಬಿಟ್ಟಿದ್ದಾನೆ. ತುದಿ ನೋಡೋಣ ಅಂತ ತಲೆ ಎತ್ತಿದರೆ ಸೆರಗು ಜಾರುತ್ತದೆ, ಕತ್ತು ಉಳುಕುತ್ತದೆ, ತುದಿ ಇನ್ನೂ ಮೇಲೆಯೇ ಇರುತ್ತದೆ.

ಆ ತುದಿಗೆ ಹತ್ತುವವನು ನನ್ನ ಮಗ. ಬೋಲ್ಟ್ ಬಿಗಿಯುವುದು, ಆಂಟೆನಾ ತಿರುಗಿಸುವುದು, ತುಕ್ಕು ಕೆರೆದು ಬಣ್ಣ ಹೊಡೆಯುವುದು ಅವನ ಕೆಲಸ. ಇಲ್ಲಿಂದ ಹಿಡಿದು ಇಂದಿರಾನಗರ, ಕೆ.ಆರ್. ಪುರದವರೆಗೆ ಅವನು ಹತ್ತದ ಟವರ್ ಇಲ್ಲ. ವಿಚಿತ್ರ ನೋಡಿ, ಹತ್ತುವವನಿಗೆ ಏನೂ ಆಗುವುದಿಲ್ಲ. ಕೆಳಗೆ ನಿಂತವಳಿಗೆ ತಲೆ ಸುತ್ತುತ್ತದೆ.

೧. ಟವರ್ ಸಿಗಲಿಲ್ಲ

ಮಗ ಮೇಲಿರುವಾಗ ನಾನು ಕೂರುವುದಿಲ್ಲ. ಯಾರೋ ಹೇಳಿಕೊಟ್ಟ ವ್ರತವಲ್ಲ ಇದು, ಕೂರುವುದಕ್ಕೆ ಆಗುವುದಿಲ್ಲ ಅಷ್ಟೇ. ಅವನು ಎಲ್ಲೇ ಹತ್ತಲಿ, ಮುಂಚೆ ಒಂದು ಫೋನ್ ಮಾಡಿ, "ಅಮ್ಮಾ, ಹತ್ತುತಿದೀನಿ" ಅನ್ನುತ್ತಾನೆ. ಇಳಿದ ಮೇಲೆ ಒಂದು ಮಿಸ್ ಕಾಲ್ ಕೊಡುತ್ತಾನೆ. ಅದನ್ನು ನಾನು ಎತ್ತಬಾರದು. ಫೋನ್ ಒಂದು ಸಲ ಬಡಿದುಕೊಂಡು ಸುಮ್ಮನಾದರೆ ಮಗ ನೆಲ ಮುಟ್ಟಿದ ಅಂತ ಅರ್ಥ. ಅಲ್ಲಿಯ ತನಕ ನಿಂತೇ ಸೊಪ್ಪು ಬಿಡಿಸುತ್ತೇನೆ, ನಿಂತೇ ಅಕ್ಕಿ ಆರಿಸುತ್ತೇನೆ.

"ಅತ್ತೆ, ನೀವು ಇಲ್ಲಿ ನಿಂತ್ರೆ ಅಲ್ಲಿ ಅವರಿಗೆ ಬಲ ಬರುತ್ತಾ?" ಅಂತ ಸೊಸೆ ಕೇಳುತ್ತಾಳೆ.

"ಬಲ ಬರಲ್ಲ ಕಣೇ. ಅವನು ಅಲ್ಲಿ ನೇತಾಡ್ತಿರೋವಾಗ ನಾನು ಇಲ್ಲಿ ಹಾಯಾಗಿ ಕೂತ್ರೆ ನನಗೇ ಸರಿಹೋಗಲ್ಲ."

"ಸರಿ, ಸಂಜೆ ಮೊಣಕಾಲಿಗೆ ಎಣ್ಣೆ ಹಚ್ಚೋಳು ನಾನು. ಅದನ್ನೂ ಸ್ವಲ್ಪ ಯೋಚನೆ ಮಾಡಿ."

ಒಂದು ದಿನ ಕೆ.ಆರ್. ಪುರದ ಹತ್ತಿರ ಹತ್ತಿದವನು ಊಟದ ಹೊತ್ತಾದರೂ ಸುದ್ದಿಯಿಲ್ಲ. ನಾನು ಅಡುಗೆಮನೆ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೇನೆ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಒಂದೇ ಸಲ. "ಅಬ್ಬಾ, ಇಳಿದ!" ಅಂತ ಧೊಪ್ಪನೆ ಕೂತೆ. ಸೊಸೆ ಫೋನ್ ನೋಡಿ, "ಅತ್ತೆ, ಇದು ಹೊಸಕೋಟೆ ಕಡೆ ಸೈಟ್ ತಗೊಳ್ಳಿ ಅಂತ ಪೀಡಿಸ್ತಾರಲ್ಲ, ಅವರ ನಂಬರು" ಅಂದಳು. ಗೋಡೆ ಹಿಡಿದುಕೊಂಡು ಮತ್ತೆ ಎದ್ದು ನಿಂತೆ. ಸಂಜೆಯಾಯಿತು, ನಿಂತೇ ಇದ್ದೇನೆ. ಕಡೆಗೆ ಮಗನೇ ಬಾಗಿಲಿಗೆ ಬಂದ.

"ಎಲ್ಲೋ ನನ್ನ ಮಿಸ್ ಕಾಲು?" ಅಂತ ಹಿಡಿದುಕೊಂಡೆ.

"ನಾನೇನ್ ಮಾಡ್ಲಮ್ಮ? ರಿಪೇರಿಗೆ ಅಂತ ಲೈನ್ ಪೂರ್ತಿ ಆಫ್ ಮಾಡಿದ್ವಿ, ನನ್ನ ಸಿಮ್ಮೂ ಅದೇ ಕಂಪನೀದು. ಇಡೀ ದಿನ ಟವರ್ ಮೇಲೇ ಕೂತಿದ್ದೆ, ಟವರ್ ಸಿಗ್ಲಿಲ್ಲ!"

೨. ಯಾರ ಮದುವೆ?

ಹೀಗಿರುವಾಗ ಒಂದು ಬೆಳಿಗ್ಗೆ ಬೆನ್ಸನ್ ಟೌನಿನ ಒಬ್ಬ ಹುಡುಗಿ, ಮಗನ ಕಂಪನಿಯವಳೇ, ದೊಡ್ಡ ಕಪ್ಪು ಪೆಟ್ಟಿಗೆ ಹಿಡಿದುಕೊಂಡು ಮಗನ ಜೊತೆ ಬಂದಳು. ಪೆಟ್ಟಿಗೆಯೊಳಗೆ ಡ್ರೋನು. ಅದನ್ನು ಹಾರಿಸುವುದಕ್ಕೆ ಟವರಿಗೆ ಹತ್ತಿರದಲ್ಲಿ, ಅಡ್ಡಿಯಿಲ್ಲದ ಜಾಗ ಅಂದರೆ ನಮ್ಮ ತಾರಸಿಯೇ. "ಅಜ್ಜಿ, ಪರ್ಮಿಷನ್ ಎಲ್ಲಾ ತಗೊಂಡಿದೀವಿ. ನಿಮ್ಮದೊಂದು ಬಾಕಿ" ಅಂದಳು. ಮಾತು ಚೆನ್ನಾಗಿತ್ತು, ಒಪ್ಪಿಕೊಂಡೆ.

ನಮ್ಮ ಎದುರು ಮನೆಯಲ್ಲಿ ಒಬ್ಬರು ತಮಿಳಿನ ಅಜ್ಜಿ ಇದ್ದಾರೆ. ಅವರ ಮೊಮ್ಮಕ್ಕಳು ಪಾಟಿ ಅಂತಾರೆ, ಅದನ್ನೇ ಇಡೀ ಬೀದಿ ಅನ್ನುತ್ತದೆ. ಪಾಟಿ ಡ್ರೋನ್ ನೋಡಿದ್ದು ಮದುವೆಗಳಲ್ಲಿ. ತಾರಸಿಯ ಮೇಲೆ ಅದು ಗುಂಯ್ ಅಂದ ತಕ್ಷಣ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಮೆಟ್ಟಿಲು ಹತ್ತಿ ಬಂದರು.

"ಯಾರಿಗಮ್ಮಾ ಕಲ್ಯಾಣ? ಒಂದು ಮಾತು ಹೇಳ್ಲಿಲ್ಲ ನೀನು!"

ಅವರಿಗೂ ನನಗೂ ಆಗ ಮಾತು ಅಷ್ಟಕ್ಕಷ್ಟೇ. ಅದಕ್ಕೆ ಕಾರಣ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ. ಆ ಡಬ್ಬಿಯಲ್ಲಿ ಅವರಿಗೆ ಒಂದು ಸಲ ಹುಳಿ ಕಳಿಸಿದ್ದೆ. ಆಮೇಲೆ ಮುಚ್ಚಳ ಕಾಣೆಯಾಯಿತು. ಪಾಟಿ ಮನೆಯಲ್ಲೇ ಉಳಿದಿದೆ ಅಂತ ನಾನು, ಕೊಟ್ಟಾಗಿದೆ ಅಂತ ಅವರು. ಆದರೂ ಬಂದವರನ್ನು ಹೋಗಿ ಅನ್ನುವುದಕ್ಕಾಗುತ್ತದೆಯೇ?

"ಮದುವೆ ಅಲ್ಲ ಪಾಟಿ. ಟವರಿನ ಫೋಟೊ ತೆಗೀತಾರಂತೆ" ಅಂದೆ.

"ಟವರುಕ್ಕಾ ಫೋಟೊ?" ಅಂತ ಪಾಟಿ ತಮ್ಮ ಜರಿ ಅಂಚು ನೋಡಿಕೊಂಡರು.

ಡ್ರೋನು ಎದ್ದಿತು ನೋಡಿ. ಸುಮ್ಮನೆ ಎದ್ದಿತು. ಏಣಿಯಿಲ್ಲ, ಹಗ್ಗವಿಲ್ಲ. ಮಗ ಉಸಿರು ಬಿಡುತ್ತ ಹತ್ತುವ ದಾರಿಯನ್ನು ಅದು ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ಮುಗಿಸಿತು. ಹುಡುಗಿಯ ಕೈಯಲ್ಲಿ ಒಂದು ಪರದೆ. ಅದರಲ್ಲಿ ನಮ್ಮ ತಾರಸಿ ಚಾಪೆಯಷ್ಟಾಯಿತು, ಅಂಗೈಯಷ್ಟಾಯಿತು. ಹಲಸೂರು ಕೆರೆ ತಟ್ಟೆಯಲ್ಲಿ ನೀರಿಟ್ಟ ಹಾಗೆ, ಮೆಟ್ರೋ ರೈಲು ಸಾಲುಗಟ್ಟಿದ ಇರುವೆ ಹಾಗೆ. ತಾರಸಿಯ ಮೇಲೆ ಎರಡು ಚುಕ್ಕಿ. ಹೊಳೆಯುವ ಚುಕ್ಕಿ ಪಾಟಿ, ಇನ್ನೊಂದು ನಾನು. ನಾನು ಕೈ ಎತ್ತಿದರೆ ಆ ಚುಕ್ಕಿಯೂ ಕೈ ಎತ್ತುತ್ತದೆ! ದೇವರು ಮೇಲಿಂದ ನೋಡಿದರೆ ಹೀಗೇ ಕಾಣುತ್ತೇವೇನೋ ಅನ್ನಿಸಿ ಮೈ ಜುಂ ಅಂತು. 

ಆಮೇಲೆ ಅದು ಟವರಿನ ತುದಿಗೆ ಹೋಯಿತು. ಒಂದೊಂದು ಬೋಲ್ಟೂ ಕಣ್ಣೆದುರಿಗೆ, ಅದರ ತುಕ್ಕು ಅರಿಸಿನ ಉದುರಿಸಿದ ಹಾಗೆ. ಒಂದು ಕಂಬಿಯ ಮೇಲೆ ಬಣ್ಣ ಪೂರ್ತಿ ಸವೆದಿತ್ತು. "ನಾನು ಕಾಲಿಟ್ಕೊಂಡು ನಿಲ್ಲೋದು ಇಲ್ಲೇ ಅಮ್ಮ" ಅಂದ ಮಗ. ನನ್ನ ಬೆರಳಿನಷ್ಟು ಕಂಡಿತು ಆ ಕಂಬಿ. ಇಷ್ಟು ವರ್ಷ ನಾನು ಕೆಳಗೆ ನಿಂತದ್ದೇ ದೊಡ್ಡ ತಪಸ್ಸು ಅಂದುಕೊಂಡಿದ್ದೆ.

ಅಷ್ಟರಲ್ಲಿ ಹುಡುಗಿ, "ಅಣ್ಣಾ, ಆಂಟೆನಾ ಹಿಂದೆ ಏನೋ ಮಿಂಚ್ತಿದೆ" ಅಂತ ಚಿತ್ರವನ್ನು ಹತ್ತಿರಕ್ಕೆ ತಂದಳು. ದುಂಡನೆಯ ಸ್ಟೀಲು. ಅದರ ಮೇಲೆ ಕೊರೆಸಿದ ಹೆಸರು. ನನಗೆ ಓದುವುದಕ್ಕೆ ಬರುವುದಿಲ್ಲ ನಿಜ, ಆದರೆ ನನ್ನ ಪಾತ್ರೆಗಳ ಮೇಲಿನ ಗೀರು ಗೊತ್ತಿಲ್ಲವೇ? ಅದು ನನ್ನ ಹೆಸರು. ಅದು ನನ್ನ ಮುಚ್ಚಳ.

ಮಗ ತಲೆ ಕೆರೆದುಕೊಂಡ. ಊಟಕ್ಕೆ ಇಳಿದು ಹತ್ತುವುದು ಕಷ್ಟ ಅಂತ ಡಬ್ಬಿಯನ್ನು ಮೇಲಕ್ಕೇ ಒಯ್ಯುತ್ತಿದ್ದನಂತೆ. ಒಂದು ದಿನ ಮುಚ್ಚಳ ಜಾರಿ ಸಂದಿಯಲ್ಲಿ ಸಿಕ್ಕಿಕೊಂಡಿತಂತೆ. ನನ್ನ ಬಾಯಿಗೆ ಹೆದರಿ ಹೇಳಿರಲಿಲ್ಲವಂತೆ.

ಪಾಟಿ ಪರದೆ ನೋಡಿದರು, ನನ್ನ ಮುಖ ನೋಡಿದರು, ಮಲ್ಲಿಗೆ ಸರಿಮಾಡಿಕೊಂಡರು. 

"ಪರವಾಗಿಲ್ಲಮ್ಮಾ. ರೇಷ್ಮೆ ಸೀರೆ ಉಟ್ಟಿದ್ದು ವೇಸ್ಟ್ ಆಗ್ಲಿಲ್ಲ."

೩. ಹೋಮ

ಹೋಗುವಾಗ ಆ ಹುಡುಗಿ, "ಅಜ್ಜಿ, ನಾಳೆ ಮತ್ತೆ ಬರ್ತೀವಿ. ನಿಮ್ಮ ತಾರಸಿ ಮೇಲೇನೇ ಹೋಮ್ ಮಾಡ್ಕೋತೀವಿ, ಆಯ್ತಾ?" ಅಂದಳು.

ಎಂಥ ಒಳ್ಳೆ ಹುಡುಗಿ ಅನ್ನಿಸಿತು ನನಗೆ. ಜೀನ್ಸ್ ಹಾಕಿದರೂ ಯಂತ್ರ ಹಾರಿಸುವ ಮುಂಚೆ ಹೋಮ ಮಾಡಬೇಕು ಅನ್ನುವ ಬುದ್ಧಿ ಇದೆ! ಬೆಳಗಾಗುವಷ್ಟರಲ್ಲಿ ಇಟ್ಟಿಗೆ ಜೋಡಿಸಿ, ಒಳಗೆ ಮರಳು ತುಂಬಿ, ಮೇಲೆ ರಂಗೋಲಿ ಎಳೆದೆ. ಬಟ್ಟಲು ತುಂಬ ತುಪ್ಪ ಕಾಯಿಸಿದೆ. ಬೀದಿ ಕೊನೆಯ ಗುಡಿಯ ಪೂಜಾರಪ್ಪನನ್ನು ಕರೆಸಿದೆ. ಪಾಟಿ ತೆಂಗಿನಕಾಯಿ ತಂದರು. ರೇಷ್ಮೆ ಸೀರೆ ಹೇಗೂ ಮಡಿಸಿಟ್ಟಿರಲಿಲ್ಲ.

ಹುಡುಗಿ ಪೆಟ್ಟಿಗೆ ಹಿಡಿದು ಮೇಲೆ ಬಂದಾಗ ಬೆಂಕಿ ಚೆನ್ನಾಗಿ ಹತ್ತಿತ್ತು. ತಾರಸಿ ತುಂಬ ಹೊಗೆ. ಪೂಜಾರಪ್ಪ ಗಣಪತಿಯನ್ನು ಕರೆಯುತ್ತಿದ್ದಾನೆ, ಪಾಟಿ ಕೆಮ್ಮುತ್ತಿದ್ದಾರೆ.

"ಅಜ್ಜಿ, ಏನಿದು?"

"ನೀನೇ ಅಲ್ವೇನಮ್ಮ ಹೋಮ ಮಾಡ್ಕೋತೀವಿ ಅಂದಿದ್ದು?"

ಅವಳು ಅಲ್ಲೇ ನೀರಿನ ಟ್ಯಾಂಕಿಗೆ ಒರಗಿಕೊಂಡು ಕೂತಳು. ನಗು ತಡೆಯಲಾಗದೆ ಕಣ್ಣಲ್ಲಿ ನೀರು. ಆಮೇಲೆ ಬಿಡಿಸಿ ಹೇಳಿದಳು. ಹೋಮ್ ಅಂದರೆ ಮನೆಯಂತೆ. ಡ್ರೋನು ಎಲ್ಲಿಂದ ಎದ್ದಿತೋ ಅದೇ ಜಾಗ ಅದಕ್ಕೆ ಮನೆ. ಅದನ್ನು ಮುಂಚೆಯೇ ಅದರ ತಲೆಗೆ ತುಂಬಿ ಕಳಿಸುತ್ತಾರಂತೆ. ಮೇಲೆ ಹೋದಾಗ ಬ್ಯಾಟರಿ ಇಳಿಯಿತು, ದಾರಿ ತಪ್ಪಿತು ಅಂದರೆ ಒಂದು ಬಟನ್ ಒತ್ತಿದರಾಯಿತು. ಬೇರೆ ಎಲ್ಲೂ ಹೋಗದೆ ನೇರ ಮನೆಗೆ ಬಂದು ಇಳಿಯುತ್ತದಂತೆ. ಬಟನ್ ಒತ್ತುವವರ ಕೈಗೇ ಸಂಪರ್ಕ ತಪ್ಪಿದರೂ ತಾನಾಗಿಯೇ ವಾಪಸ್ ಬರುತ್ತದಂತೆ!

ಹೊಗೆ ಆರಿದ ಮೇಲೆ ಡ್ರೋನನ್ನು ದೂರ ಹಾರಿಸಿ, ಬಟನ್ ಒತ್ತಿ ತೋರಿಸಿದಳು. ಅಷ್ಟು ದೂರದಲ್ಲಿ ಹದ್ದಿನಷ್ಟು ಕಾಣುತ್ತಿದ್ದದ್ದು ತಿರುಗಿತು. ನಮ್ಮ ಬೀದಿಯಲ್ಲಿ ಅಷ್ಟು ತಾರಸಿಗಳಿವೆ, ಅಷ್ಟು ಟ್ಯಾಂಕುಗಳಿವೆ, ಎಲ್ಲ ಒಂದೇ ಥರ. ಅದು ಯಾವುದಕ್ಕೂ ಮೋಸ ಹೋಗಲಿಲ್ಲ. ನನ್ನ ರಂಗೋಲಿ ಪಕ್ಕಕ್ಕೆ ಬಂದು ಮಗು ಕೂತ ಹಾಗೆ ಕೂತಿತು. ಅದರ ರೆಕ್ಕೆಯ ಗಾಳಿಗೆ ಹೋಮದ ಬೂದಿಯೆಲ್ಲ ಎದ್ದು ಪೂಜಾರಪ್ಪ ತಲೆಯಿಂದ ಕಾಲಿನವರೆಗೆ ವಿಭೂತಿ ಆದ. 

ನನಗೆ ನಗು ಬರಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು. "ನನ್ನ ಮಗನಿಗೂ ಇಂಥದೊಂದು ಬಟನ್ ಇಡೋಕಾಗಲ್ವೇನಮ್ಮ?" ಅಂದೆ.

ಆಗ ಅವಳು ನಿಜವಾದ ವಿಷಯ ಹೇಳಿದಳು. "ಅಣ್ಣ ಮನಸ್ಸು ಮಾಡಿದ್ರೆ ಮೇಲೆ ಹೋಗೋದೇ ಬೇಡ ಅಜ್ಜಿ. ಹತ್ತೋರಿಗೇ ಇದನ್ನ ಕಲಿಸ್ತಿದಾರೆ. ಪರೀಕ್ಷೆಲಿ ಪಾಸಾದ್ರೆ ಇನ್ಮೇಲೆ ನೆಲದ ಮೇಲೆ ನಿಂತೇ ಕೆಲಸ. ಇವರು ಒಬ್ಬರೇ ಬೇಡ ಅಂತಿದಾರೆ."

ನಾನು ಮಗನ ಕಡೆ ತಿರುಗಿದೆ. ಅವನು ಟವರ್ ನೋಡುತ್ತ, "ಕಬ್ಬಿಣ ಮುಟ್ಟದೆ ಟವರ್ ಕೆಲಸ ಎಂಥದಮ್ಮ? ಅದು ವಿಡಿಯೋ ಗೇಮು" ಅಂದ.

"ಕಲೀತೀಯೋ, ಇಲ್ಲ ನಾನು ಇನ್ಮೇಲೆ ಒಂಟಿ ಕಾಲಲ್ಲಿ ನಿಲ್ಲಲೋ?"

ಒಪ್ಪಿಕೊಂಡ. ಸೊಸೆ ಮಾತ್ರ ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು, "ಪಾಸಾದ್ರೂ ಆ ಬಟನ್ ಒಂದು ಇವರಿಗೆ ಬೇಕಮ್ಮ. ಭಾನುವಾರ ಕ್ರಿಕೆಟ್‌ಗೆ ಹೋದ್ರೆ ಮನೆ ಯಾವ್ದು ಅಂತಾನೇ ಮರ್ತುಹೋಗುತ್ತೆ."

೪. ಹಾರುವುದು ಯಾರು?

ಟವರಿನ ತುದಿಯಲ್ಲಿ ನಿಂತು ಬೀಡಾ ಹಾಕಿಕೊಳ್ಳುವ ಧೈರ್ಯವಂತ ನನ್ನ ಮಗ. ಆದರೆ ಆ ಪುಟ್ಟ ರಿಮೋಟು ಕೈಗೆ ಬಂದರೆ ನಡುಕ. ಡ್ರೋನು ಎಡಕ್ಕೆ ವಾಲಿದರೆ ಇವನೂ ಎಡಕ್ಕೆ ವಾಲುತ್ತಿದ್ದ. ಅದು ಮೇಲೆ ಹೋದರೆ ಇವನು ಹಿಮ್ಮಡಿ ಎತ್ತುತ್ತಿದ್ದ. ಮೊದಲನೇ ದಿನ ಪಾಟಿ ಒಣಹಾಕಿದ್ದ ವಡಾಂ ಸಂಡಿಗೆ ಮೇಲೆ ಇಳಿಸಿದ. "ತಿನ್ನೋದಾದ್ರೆ ಕೇಳಿ ತಗೋಬೇಕಪ್ಪಾ, ಮೇಲಿಂದ ಬಂದು ಕಿತ್ಕೋಬಾರದು" ಅಂತ ಪಾಟಿ ಬೈದರು.

ಅವತ್ತೊಂದು ದಿನ ನಾನು ಕಾಫಿ ತಗೊಂಡು ಮೇಲೆ ಹೋದೆ. ಡ್ರೋನು ಟವರಿನ ಅರ್ಧದಲ್ಲಿದೆ. ಮಗ ತಾರಸಿಯ ನಡುವೆ ಗಟ್ಟಿಯಾಗಿ ನಿಂತಿದ್ದಾನೆ, ಕೈ ಆಡುತ್ತಿಲ್ಲ, ಬಹಳ ಚೆನ್ನಾಗಿ ಹಾರಿಸುತ್ತಿದ್ದಾನೆ. ಪರವಾಗಿಲ್ಲವೇ ಅಂದುಕೊಂಡು ಹತ್ತಿರ ಹೋಗಿ ನೋಡಿದರೆ, ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಟವರ್ ಹತ್ತುವ ಬೆಲ್ಟು. ಬೆಲ್ಟಿನ ಕೊಂಡಿಯನ್ನು ನೀರಿನ ಟ್ಯಾಂಕಿನ ಪೈಪಿಗೆ ಸಿಕ್ಕಿಸಿದ್ದಾನೆ!

ಹುಡುಗಿಯೂ ಆಗಲೇ ನೋಡಿದ್ದು.

"ಅಣ್ಣಾ, ಇದ್ಯಾಕೆ?"

"ಅಷ್ಟೆತ್ತರ ಹೋಗಿದೆಯಲ್ಲಮ್ಮಾ. ಇದಿಲ್ದೆ ಕೈ ಬರಲ್ಲ ನಂಗೆ."

"ಅಣ್ಣಾ, ಹಾರ್ತಿರೋದು ಅದು. ನೀವಲ್ಲ!"

೫. ಗೇಟಿಗೆ ಅಡ್ಡ

ಪರೀಕ್ಷೆಯ ದಿನ ನಮ್ಮ ಹಿಂದಿನ ಟವರಿಗೇ ಬಂದರು. ಕಂಪನಿಯ ದೊಡ್ಡ ಸಾಹೇಬರೂ ಬಂದಿದ್ದರು. ಅವತ್ತು ಡ್ರೋನಿನ ಜೊತೆ ಇನ್ನೊಂದು ಪ್ರಾಣಿ. ರೋಬೋ ಅಂತೆ, ಇನ್ನೂ ಎಲ್ಲ ಕಡೆ ಬಂದಿಲ್ಲವಂತೆ, ಪ್ರಯೋಗಕ್ಕೆ ತಂದದ್ದಂತೆ. ನಾಲ್ಕು ಕಾಲಿನ ಜೇಡ, ಮುಂದೆ ಒಂದು ಕೈ. ಅದು ಟವರಿನ ಕಾಲನ್ನು ತಬ್ಬಿಕೊಂಡು ಒಂದು ಹಿಡಿ ಬಿಡುತ್ತದೆ, ಮೇಲಕ್ಕೆ ಹಿಡಿಯುತ್ತದೆ, ಇನ್ನೊಂದು ಬಿಡುತ್ತದೆ. ಥೇಟ್ ನನ್ನ ಮಗ ಹತ್ತುವ ಹಾಗೆಯೇ. ಕೆಳಗೆ, ಗೇಟಿನ ಹೊರಗೆ ನಿಂತು ನಡೆಸುತ್ತಿದ್ದವನೂ ಅವನೇ. ಹುಡುಗಿ ಡ್ರೋನು ಹಾರಿಸಿ ಮೇಲಿನದನ್ನು ಪರದೆಯಲ್ಲಿ ತೋರಿಸುತ್ತಿದ್ದಳು.

ಸಾಹೇಬರು ಹೇಳಿದರು, "ಆಂಟೆನಾ ಹಿಂದೆ ಒಂದು ಮುಚ್ಚಳ ಇದೆ. ಗಾಳಿಗೆ ಬಿದ್ರೆ ಯಾರದಾದ್ರೂ ತಲೆ ಹೋಗುತ್ತೆ. ಅದನ್ನ ರೋಬೋ ಕೈಲೇ ಇಳಿಸಬೇಕು, ಅದೇ ಪರೀಕ್ಷೆ. ನೀವು ಟವರ್ ಮುಟ್ಟಿದ್ರೆ ಫೇಲು, ನಾಳೆಯಿಂದ ಮತ್ತೆ ಹತ್ತೋ ಕೆಲಸಕ್ಕೆ ಹೋಗ್ತೀರ."

ಬೀದಿಯ ಎದುರಿಗೆ ನನ್ನ ಮುಚ್ಚಳದ ಮರ್ಯಾದೆ ಹೋಯಿತು. ಆದರೆ ಅದಕ್ಕಲ್ಲ ನನ್ನ ಎದೆ ಹೊಡೆದುಕೊಂಡದ್ದು. ಇವತ್ತು ಇವನು ಗೆದ್ದರೆ ಇನ್ನು ಕೆಳಗೇ. ಸೋತರೆ ಆ ಬೆರಳಗಲದ ಕಂಬಿಯ ಮೇಲೆ, ಮೊಣಕಾಲು ಗಟ್ಟಿಯಿರುವ ತನಕ.

ಜೇಡ ಹತ್ತಿತು. ಹಸು ಬೆಟ್ಟ ಹತ್ತಿದ ಹಾಗೆ, ಅವಸರವಿಲ್ಲ. ಜನ ಬಾಯಿ ಬಿಟ್ಟುಕೊಂಡು ನೋಡಿದರು. ತುದಿಗೆ ಹೋಗಿ ಕೈ ಚಾಚಿ ಮುಚ್ಚಳ ಹಿಡಿಯಿತು. "ಹಿಡೀತು!" ಅಂತ ಪಾಟಿ ಚಪ್ಪಾಳೆ ಹೊಡೆದರು. ಎಳೆದರೆ ಬರಲಿಲ್ಲ. ಮತ್ತೆ ಎಳೆದರೆ ಜೇಡದ ಕೈಯೂ ಸಂದಿಯಲ್ಲಿ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಮಗನ ಹಣೆಯಲ್ಲಿ ಬೆವರು. ಏನೇನೋ ಒತ್ತಿದ. ಕಡೆಗೆ ರಿಮೋಟನ್ನು ಹುಡುಗಿಯ ಕೈಗೆ ಕೊಟ್ಟು ಬೆಲ್ಟ್ ಬಿಗಿದುಕೊಂಡ.

"ಹತ್ತಿ ಬಿಡಿಸ್ಕೊಂಡು ಬಂದ್ಬಿಡ್ತೀನಿ ಸರ್. ನಂಗೆ ಆ ಸಂದಿ ಗೊತ್ತು."

"ಹತ್ತಿದ್ರೆ ಮುಗೀತು ನೋಡಿ" ಅಂದರು ಸಾಹೇಬರು.

"ಮುಗೀಲಿ ಸರ್" ಅಂದ ಇವನು.

ನನ್ನ ಕಾಲು ಹೇಗೆ ನಡೆಯಿತೋ ಗೊತ್ತಿಲ್ಲ. ಟವರ್ ಕಾಂಪೌಂಡಿನ ಗೇಟು ಒಬ್ಬರು ನುಸುಳುವಷ್ಟು ಅಗಲ. ಹೋಗಿ ಅದಕ್ಕೆ ಅಡ್ಡ, ಕಾಲು ನೀಡಿ, ನೆಲದ ಮೇಲೆ ಕೂತುಬಿಟ್ಟೆ. ಮಗ ಟವರ್ ಕೆಲಸದಲ್ಲಿರುವಾಗ ಗೊತ್ತಿದ್ದೂ ನಾನು ಕೂತದ್ದು ಅದೇ ಮೊದಲು.

"ಅಮ್ಮಾ, ಏಳಮ್ಮಾ."

"ಏಳಲ್ಲ. ಹೆತ್ತವಳನ್ನ ದಾಟ್ಕೊಂಡು ಹೋಗೋನಾದ್ರೆ ಹೋಗು."

ದೊಡ್ಡವರನ್ನು ದಾಟಬಾರದು ಅಂತ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದೆ. ನಾನು ಮಲಗಿದ್ದರೂ ಸುತ್ತಿಕೊಂಡು ಹೋಗುತ್ತಿದ್ದ ಮಗು ಅದು. ಒಂದು ಕಾಲು ಎತ್ತಿದ, ಇಳಿಸಿದ. ಸಾಹೇಬರ ಕಡೆ ನೋಡಿದ. ಸಾಹೇಬರು ಆಕಾಶ ನೋಡಿದರು.

"ಸಂದಿ ಗೊತ್ತು ಅಂದ್ಯಲ್ಲ. ನಿನ್ನ ಕೈ ಅಲ್ಲಿ ಸಿಕ್ಕಿದ್ರೆ ಏನ್ ಮಾಡ್ತಿದ್ದೆ?" ಅಂದೆ.

"ಎಳೀಬಾರದಮ್ಮಾ. ಇನ್ನೂ ಒಳಗೆ ತಳ್ಳಿ, ಮಣಿಕಟ್ಟು ತಿರುಗಿಸಿ, ಆಮೇಲೆ..." ಅಂತ ಗಾಳಿಯಲ್ಲೇ ಕೈ ತಿರುಗಿಸಿ ತೋರಿಸುತ್ತಿದ್ದವನು ತಟ್ಟನೆ ನಿಂತುಬಿಟ್ಟ. ಓಡಿಹೋಗಿ ರಿಮೋಟ್ ಕಿತ್ತುಕೊಂಡ.

ಮೇಲೆ ಜೇಡ ಕೈಯನ್ನು ಒಳಗೆ ತಳ್ಳಿತು. ತಿರುಗಿಸಿತು. ಪರದೆ ನೋಡುತ್ತಿದ್ದ ನನ್ನ ಮೈ ರೋಮ ಎದ್ದು ನಿಂತವು. ಅದು ನನ್ನ ಮಗನ ಕೈ. ಕಲಸಿದ ಹಿಟ್ಟಿನಿಂದ ಕೈ ಬಿಡಿಸಿಕೊಳ್ಳುವಾಗ ಚಿಕ್ಕವನಾಗಿದ್ದಾಗಿನಿಂದ ಅವನು ತಿರುಗಿಸುವುದು ಹಾಗೆಯೇ. ಅವನು ಇಲ್ಲಿ ನನ್ನ ಪಕ್ಕದಲ್ಲಿದ್ದಾನೆ, ಅವನ ಕೈ ಅಲ್ಲಿ ಮೋಡದ ಹತ್ತಿರ! ಮುಚ್ಚಳ ಟಣ್ ಅಂತ ಬಿಟ್ಟುಕೊಂಡಿತು. ಜೇಡ ಅದನ್ನು ಹಿಡಿದು ಒಂದೊಂದೇ ಹೆಜ್ಜೆ ಇಳಿಯಿತು. ನೆಲ ಮುಟ್ಟಿದಾಗ ಇಡೀ ಬೀದಿ ಕೂಗಿದ್ದು ಹಲಸೂರು ಕೆರೆಗೂ ಕೇಳಿರಬೇಕು.

ಆಗ ನನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಬಡಿದುಕೊಂಡಿತು. ಒಂದೇ ಸಲ. ನೋಡಿದರೆ ಮಗ, ಮಾರು ದೂರದಲ್ಲಿ, ಫೋನ್ ಹಿಡಿದು ಹಲ್ಲು ಕಿರಿಯುತ್ತಿದ್ದಾನೆ.

"ಎದುರಿಗೇ ನಿಂತ್ಕೊಂಡು ಮಿಸ್ ಕಾಲ್ ಯಾಕೋ?"

"ಇಳಿದೆ ಅಮ್ಮಾ" ಅಂದ.

ಸಾಹೇಬರು "ಪಾಸ್" ಅಂದರು. ಜನವೆಲ್ಲ ಕೈ ಕುಲುಕಿದರು. ಸೊಸೆ ಕಣ್ಣೊರೆಸಿಕೊಂಡು, "ಬನ್ನಿ ಅತ್ತೆ, ಮನೆಗೆ ಹೋಗಣ" ಅಂದಳು. ಏಳೋಣ ಅಂತ ನೋಡುತ್ತೇನೆ, ಮೊಣಕಾಲು ಬಿಗಿದುಕೊಂಡಿದೆ! ಒಂದು ಕಡೆ ಮಗ ಎತ್ತಿದ, ಇನ್ನೊಂದು ಕಡೆ ಸಾಹೇಬರೇ ಎತ್ತಿದರು. ಊಹೂಂ. ಗೇಟಿನೊಳಗೆ ಸಾಹೇಬರ ಪೆಟ್ಟಿಗೆ, ಜೇಡ ಎಲ್ಲ ಉಳಿದುಹೋಗಿದೆ, ನನ್ನನ್ನು ದಾಟುವುದಕ್ಕೆ ಯಾರಿಗೂ ಧೈರ್ಯವಿಲ್ಲ.

ಅಷ್ಟರಲ್ಲಿ ಪಾಟಿ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಗೇಟಿನಾಚೆಯಿಂದ ಜೇಡ ಚಾಚಿದ ಮುಚ್ಚಳವನ್ನು ಇಸಿದುಕೊಂಡು, ರೇಷ್ಮೆ ಸೆರಗಿನಲ್ಲಿ ಒರೆಸಿ ನನ್ನ ಮಡಿಲಲ್ಲಿ ಇಟ್ಟರು. 

"ತಗೋಮ್ಮಾ, ನಿನ್ನ ಮುಚ್ಚಳ ಇಳೀತು, ನಿನ್ನ ಮಗನೂ ಇಳಿದ. ಈಗ ನಿನ್ನ ಹೋಮ್ ಬಟನ್ ಎಲ್ಲಿದೆ ಹೇಳು, ನಾನೇ ಒತ್ತಿ ಮನೆಗೆ ಕಳಿಸ್ತೀನಿ!"